ಕಾಲೇಜು ಯಾವ ಊರಿಗೆ ಎಂದು ಕೇಳಿದೆವು, ಯಾರಿಗೆ ಎಂದು ಕೇಳಲಿಲ್ಲ

2023ರ ಸೆಪ್ಟೆಂಬರ್ ತಿಂಗಳಲ್ಲಿ ರಾಮನಗರ ಬಂದ್ ನಡೆಯಿತು. ಕಾರಣ ಎಲ್ಲರಿಗೂ ಗೊತ್ತಿರುವುದೇ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕಾಗಿ ಅರ್ಚಕರಹಳ್ಳಿಯಲ್ಲಿ ಭೂಮಿ ಗುರುತಿಸಿ ವರ್ಷಗಳೇ ಉರುಳಿದ್ದವು. ಅದರೊಂದಿಗೆ ಬರಬೇಕಿದ್ದ ವೈದ್ಯಕೀಯ ಕಾಲೇಜನ್ನು ಕನಕಪುರಕ್ಕೆ ಕೊಂಡೊಯ್ಯಲಾಗುತ್ತಿದೆ ಎಂಬ ಆಕ್ರೋಶ ಬೀದಿಗಿಳಿಯಿತು. ಪಕ್ಷಗಳು ಪರ-ವಿರೋಧಗಳನ್ನು ಹಂಚಿಕೊಂಡವು. ನಾಯಕರು ಪರಸ್ಪರ ಸವಾಲು ಹಾಕಿಕೊಂಡರು. ಒಂದು ಕಾಲೇಜಿಗಾಗಿ ಎರಡು ಊರುಗಳು ಇಷ್ಟೊಂದು ಹಠ ಹಿಡಿಯುವುದು ಒಂದರ್ಥದಲ್ಲಿ ಸಂತಸದ ಸಂಗತಿಯೇ; ನಮ್ಮ ನಾಡಿನಲ್ಲಿ ಇದಕ್ಕಿಂತ ಎಷ್ಟೋ ಕ್ಷುಲ್ಲಕ ಕಾರಣಗಳಿಗೆ ಅಂಗಡಿಗಳು ಬಾಗಿಲು ಮುಚ್ಚಿವೆ. ಆದರೆ ಆ ಗದ್ದಲದ ನಡುವೆ ಒಂದು ಪ್ರಶ್ನೆ ಮಾತ್ರ ಯಾವ ವೇದಿಕೆಯಿಂದಲೂ ಗಟ್ಟಿಯಾಗಿ ಕೇಳಿಬರಲಿಲ್ಲ. ಕಾಲೇಜು ಯಾವ ಊರಿಗೇ ಬರಲಿ, ಅದರ ಬೆಂಚುಗಳ ಮೇಲೆ ಕುಳಿತುಕೊಳ್ಳುವವರು ಯಾರು?

ರೇಷ್ಮೆ ಗೂಡನ್ನು ಕುದಿಯುವ ನೀರಿನಲ್ಲಿ ಅದ್ದಿ ನೂಲು ಬಿಚ್ಚುವ ರಾಮನಗರದ ಕಾರ್ಮಿಕಳ ಮಗಳೇ? ಚನ್ನಪಟ್ಟಣದಲ್ಲಿ ಅರಗಿನ ಬಣ್ಣ ಹಚ್ಚಿ ಬೊಂಬೆ ತಿರುವುವ ಕುಶಲಕರ್ಮಿಯ ಮಗನೇ? ಮಾಗಡಿ, ಕನಕಪುರಗಳ ಕಾಡಂಚಿನಲ್ಲಿ ಬದುಕುವ ಇರುಳಿಗರ ಮಕ್ಕಳೇ? ಅಥವಾ ಬೆಂಗಳೂರಿನ ದುಬಾರಿ ತರಬೇತಿ ಕೇಂದ್ರಗಳಲ್ಲಿ ಎರಡು ವರ್ಷ ಕಳೆದು, ಹೆದ್ದಾರಿಯ ಮೇಲೆ ಒಂದು ಗಂಟೆ ಪಯಣಿಸಿ ಇಲ್ಲಿಗೆ ಬರುವ ಮಕ್ಕಳೇ? ಈ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು 2025ರ ಮೇ ತಿಂಗಳಲ್ಲಿ ಸಚಿವ ಸಂಪುಟ ಒಪ್ಪಿತು. ಹೆಸರಿನಲ್ಲಿ ಬೆಂಗಳೂರು ಬಂದರೆ ಜಮೀನಿನ ಬೆಲೆ ಏರಬಹುದು. ನೂಲು ಬಿಚ್ಚುವವಳ ಮಗಳು ವೈದ್ಯೆಯಾಗಲು ಅಷ್ಟು ಸಾಲದು.

ಸಮತೆ, ವೈವಿಧ್ಯ, ಒಳಗೊಳ್ಳುವಿಕೆ ಎಂಬ ಮೂರು ಪದಗಳು ಈಗ ಪ್ರತಿಯೊಂದು ವಿಶ್ವವಿದ್ಯಾಲಯದ ಕೈಪಿಡಿಯಲ್ಲೂ ಇವೆ. ಕನಕಪುರ ರಸ್ತೆಯ ಇಕ್ಕೆಲಗಳಲ್ಲಿ ಎದ್ದು ನಿಂತಿರುವ ಖಾಸಗಿ ಸಂಸ್ಥೆಗಳ ಬಣ್ಣಬಣ್ಣದ ಪುಟಗಳಲ್ಲಿ ತಲೆವಸ್ತ್ರ ಧರಿಸಿದ ಹುಡುಗಿ, ಈಶಾನ್ಯ ರಾಜ್ಯದ ಹುಡುಗ, ಗಾಲಿಕುರ್ಚಿಯಲ್ಲಿ ಕುಳಿತ ವಿದ್ಯಾರ್ಥಿ, ಎಲ್ಲರೂ ನಗುತ್ತಿರುತ್ತಾರೆ. ಛಾಯಾಚಿತ್ರದಲ್ಲಿ ವೈವಿಧ್ಯ ಮೂಡಿಸುವುದು ಸುಲಭ. ಪ್ರವೇಶ ಪಟ್ಟಿಯಲ್ಲಿ, ಬೋಧಕರ ಪಟ್ಟಿಯಲ್ಲಿ, ಸಿಂಡಿಕೇಟ್ ಸಭೆಯ ಮೇಜಿನ ಸುತ್ತ ಅದನ್ನು ಮೂಡಿಸುವುದು ಕಷ್ಟ. ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಕೊಡುವುದನ್ನು ಸಮಾನತೆ ಎಂದು ಕರೆಯುತ್ತಾರೆ. ಆ ಪ್ರಶ್ನೆಪತ್ರಿಕೆಯ ಭಾಷೆಯನ್ನು ಹತ್ತನೇ ತರಗತಿಯ ತನಕ ಕೇಳಿಯೇ ಇರದ ಮಗುವಿಗೆ ಮೊದಲು ಆ ಭಾಷೆಯನ್ನು ಕಲಿಸಬೇಕಾದ ಹೊಣೆ ಸಂಸ್ಥೆಯದ್ದು ಎಂದು ಒಪ್ಪಿಕೊಂಡಾಗ ಸಮತೆಯ ಮಾತು ಆರಂಭವಾಗುತ್ತದೆ.

ಇದು ಅಮೆರಿಕದಿಂದ ಆಮದಾದ ಫ್ಯಾಶನ್ ಎಂದು ಮೂಗು ಮುರಿಯುವವರಿದ್ದಾರೆ. ಅಲ್ಲಿನ ಸುಪ್ರೀಮ್ ಕೋರ್ಟು 2023ರ ಜೂನ್‌ನಲ್ಲಿ ಜನಾಂಗವನ್ನು ಪರಿಗಣಿಸಿ ಪ್ರವೇಶ ನೀಡುವ ಪದ್ಧತಿಯನ್ನು ರದ್ದುಪಡಿಸಿದ್ದನ್ನೂ, 2025ರ ಜನವರಿಯಲ್ಲಿ ಅಧಿಕಾರಕ್ಕೆ ಮರಳಿದ ಟ್ರಂಪ್ ಇಂತಹ ಕಾರ್ಯಕ್ರಮಗಳನ್ನು ಕಿತ್ತೊಗೆಯಲು ಆದೇಶ ಹೊರಡಿಸಿದ್ದನ್ನೂ ಅವರು ಉತ್ಸಾಹದಿಂದ ಉಲ್ಲೇಖಿಸುತ್ತಾರೆ. ಅವರಿಗೆ ನಮ್ಮದೇ ನೆಲದ ಇತಿಹಾಸ ತಿಳಿದಂತಿಲ್ಲ. ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1916ರಲ್ಲಿ. ಅದಾಗಿ ಎರಡೇ ವರ್ಷಗಳಲ್ಲಿ, 1918ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರು ಸರ್ ಲೆಸ್ಲಿ ಮಿಲ್ಲರ್ ಅವರ ನೇತೃತ್ವದಲ್ಲಿ ಒಂದು ಸಮಿತಿಯನ್ನು ನೇಮಿಸಿದರು. ಬ್ರಾಹ್ಮಣೇತರ ಸಮುದಾಯಗಳು ಸರಕಾರಿ ಸೇವೆಯಲ್ಲಿ ಏಕೆ ಕಾಣಿಸುತ್ತಿಲ್ಲ ಎಂಬುದು ಅದರ ಮುಂದಿದ್ದ ಪ್ರಶ್ನೆ. ಮುಸ್ಲಿಮರನ್ನೂ ಹಿಂದುಳಿದವರೆಂದೇ ಆ ಸಮಿತಿ ಪರಿಗಣಿಸಿತು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟು, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡರಷ್ಟು ಹಿಂದುಳಿದವರಿಗೆ ಸಿಗಬೇಕೆಂದು ಶಿಫಾರಸು ಮಾಡಿತು. ಪ್ರತಿಭೆಗೆ ಪೆಟ್ಟು ಬೀಳುತ್ತದೆ ಎಂಬ ವಾದ ಅಂದೂ ಇತ್ತು. ದಿವಾನ ವಿಶ್ವೇಶ್ವರಯ್ಯನವರು ಹುದ್ದೆ ತ್ಯಜಿಸಿದ್ದರ ಹಿಂದೆ ಈ ಭಿನ್ನಾಭಿಪ್ರಾಯವೂ ಇತ್ತು. ಅಂದು ಕ್ಲೋಸ್‌ಪೇಟೆ ಎಂದು ಕರೆಯಲಾಗುತ್ತಿದ್ದ ನಮ್ಮ ರಾಮನಗರ ಇದೇ ಮೈಸೂರು ಸಂಸ್ಥಾನದ ಒಂದು ಪೇಟೆಯಾಗಿತ್ತು. ಅಂದರೆ ನಾವು ಚರ್ಚಿಸುತ್ತಿರುವ ವಿಷಯಕ್ಕೆ ಈ ನೆಲದಲ್ಲಿ ನೂರು ವರ್ಷ ದಾಟಿದೆ.

ಅಷ್ಟೇ ಅಲ್ಲ. ಮುಸ್ಲಿಮರಿಗೆ 2ಬಿ ಪ್ರವರ್ಗದಡಿ ಶೇ. 4 ಮೀಸಲಾತಿ ಜಾರಿಗೆ ಬಂದದ್ದು 1995ರಲ್ಲಿ, ಎಚ್.ಡಿ. ದೇವೇಗೌಡರು ಮುಖ್ಯಮಂತ್ರಿಯಾಗಿದ್ದಾಗ. ಆಗ ಅವರು ವಿಧಾನಸಭೆಯಲ್ಲಿ ಪ್ರತಿನಿಧಿಸುತ್ತಿದ್ದ ಕ್ಷೇತ್ರ ರಾಮನಗರ. ಅದಕ್ಕೆ ಮೊದಲು 1990ರಲ್ಲಿ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಆಯೋಗ ಮುಸ್ಲಿಮರ ಸಾಮಾಜಿಕ ಮತ್ತು ಶೈಕ್ಷಣಿಕ ಹಿಂದುಳಿದಿರುವಿಕೆಯನ್ನು ಪರಿಶೀಲಿಸಿ ಗುರುತಿಸಿತ್ತು. ಧರ್ಮದ ಆಧಾರದಲ್ಲಿ ಮೀಸಲಾತಿ ಕೊಟ್ಟಿದ್ದಾರೆ ಎಂದು ಇಂದು ಕೂಗುವವರು ಆ ವರದಿಯ ಪುಟ ತಿರುವಿಲ್ಲ. 2023ರ ಮಾರ್ಚ್‌ನಲ್ಲಿ, ಚುನಾವಣೆಗೆ ವಾರಗಳಿರುವಾಗ, ಬೊಮ್ಮಾಯಿ ಸರಕಾರ ಈ ಶೇ. 4ನ್ನು ಕಿತ್ತು ಎರಡು ಪ್ರಬಲ ಸಮುದಾಯಗಳಿಗೆ ಹಂಚಿತು. ಏಪ್ರಿಲ್ 13ರಂದು ಸುಪ್ರೀಮ್ ಕೋರ್ಟು ಆ ನಿರ್ಧಾರದ ಬುನಾದಿಯೇ ಅಲುಗಾಡುತ್ತಿದೆ ಎಂಬ ಅಭಿಪ್ರಾಯ ವ್ಯಕ್ತಪಡಿಸಿದ ಬಳಿಕ ಸರಕಾರ ಅದನ್ನು ಜಾರಿಗೊಳಿಸುವುದಿಲ್ಲವೆಂದು ಭರವಸೆ ನೀಡಬೇಕಾಯಿತು. ಮೂರು ದಶಕಗಳಿಂದ ಸಾವಿರಾರು ಮಕ್ಕಳನ್ನು ಇಂಜಿನಿಯರಿಂಗ್, ವೈದ್ಯಕೀಯ ಕಾಲೇಜುಗಳ ಬಾಗಿಲು ದಾಟಿಸಿದ ಒಂದು ಏರ್ಪಾಡನ್ನು, ಯಾವ ಹೊಸ ಅಧ್ಯಯನವೂ ಇಲ್ಲದೇ, ಒಂದು ಸಂಪುಟ ಸಭೆಯಲ್ಲಿ ಒರೆಸಿಹಾಕಲು ಸಾಧ್ಯವಾಯಿತು ಎಂಬುದನ್ನು ಮರೆಯಬಾರದು.

ಬಾಗಿಲು ದಾಟಿದವರ ಸಂಖ್ಯೆಯನ್ನಾದರೂ ನೋಡೋಣ. ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿ 2006ರ ನವೆಂಬರ್‌ನಲ್ಲಿ ಸಲ್ಲಿಸಿದ ವರದಿ ಹೇಳಿದ್ದು ಇದು: ದೇಶದ ಪ್ರತಿಷ್ಠಿತ ಕಾಲೇಜುಗಳ ಪದವಿ ತರಗತಿಗಳಲ್ಲಿ 25 ವಿದ್ಯಾರ್ಥಿಗಳಿಗೆ ಒಬ್ಬ ಮುಸ್ಲಿಮ್, ಸ್ನಾತಕೋತ್ತರ ತರಗತಿಗಳಲ್ಲಿ 50ಕ್ಕೆ ಒಬ್ಬ. ಆ ಬಳಿಕ ಏನಾಗಿದೆ? ಕೇಂದ್ರ ಶಿಕ್ಷಣ ಸಚಿವಾಲಯದ್ದೇ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 2020-21ರಲ್ಲಿ ಒಟ್ಟು ವಿದ್ಯಾರ್ಥಿಗಳಲ್ಲಿ ಮುಸ್ಲಿಮರು ಶೇ. 4.6. ಅದರ ಹಿಂದಿನ ವರ್ಷ 21 ಲಕ್ಷ ಇದ್ದ ಸಂಖ್ಯೆ ಆ ವರ್ಷ 19 ಲಕ್ಷದ ಆಸುಪಾಸಿಗೆ ಇಳಿಯಿತು. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಎಲ್ಲರ ಸಂಖ್ಯೆ ಏರಿದ ವರ್ಷವದು, ಇಳಿದದ್ದು ನಮ್ಮದು. 2021-22ರಲ್ಲಿ ಅದು ಮತ್ತೆ 21 ಲಕ್ಷಕ್ಕೆ ಬಂತು, ಆದರೆ ಒಟ್ಟು 4.33 ಕೋಟಿಯಲ್ಲಿ ಅದು ಶೇ. 5ನ್ನೂ ಮುಟ್ಟುವುದಿಲ್ಲ. 2011ರ ಜನಗಣತಿಯ ಪ್ರಕಾರ ದೇಶದ ಜನಸಂಖ್ಯೆಯಲ್ಲಿ ಮುಸ್ಲಿಮರು ಶೇ. 14.2. ಇಷ್ಟೊಂದು ಅಂತರವಿರುವಾಗ ಸರಕಾರ ಏನು ಮಾಡಬೇಕಿತ್ತು? 2022ರ ಕೊನೆಯಲ್ಲಿ ಅದು ಮಾಡಿದ್ದು ಎರಡು ಕೆಲಸ. ಒಂದರಿಂದ ಎಂಟನೇ ತರಗತಿಯ ಅಲ್ಪಸಂಖ್ಯಾತ ಮಕ್ಕಳ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವನ್ನು ನಿಲ್ಲಿಸಿತು. ಸಂಶೋಧನಾ ವಿದ್ಯಾರ್ಥಿಗಳಿಗೆ ನೀಡಲಾಗುತ್ತಿದ್ದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ಪನ್ನು ರದ್ದುಗೊಳಿಸಿತು. ಏಣಿಯ ಮೊದಲ ಮೆಟ್ಟಿಲನ್ನೂ ಕೊನೆಯ ಮೆಟ್ಟಿಲನ್ನೂ ಒಂದೇ ಋತುವಿನಲ್ಲಿ ಕಿತ್ತರು.

ಪ್ರವೇಶ ಸಿಕ್ಕಿದರೆ ಸಮಸ್ಯೆ ಮುಗಿಯಿತೇ? ಇಲ್ಲಿ ನಮ್ಮ ಮನೆಗಳಲ್ಲಿ ಹೆಚ್ಚು ಚರ್ಚೆಯಾಗದ ಒಂದು ಹೆಸರನ್ನು ನೆನಪಿಸಬೇಕು. ರೋಹಿತ್ ವೇಮುಲ ಎಂಬ ಹೆಸರು ಎಲ್ಲರಿಗೂ ಗೊತ್ತು. 2016ರ ಜನವರಿ 17ರಂದು ಹೈದರಾಬಾದ್ ವಿಶ್ವವಿದ್ಯಾಲಯದ ಹಾಸ್ಟೆಲ್ ಕೋಣೆಯಲ್ಲಿ ಆ ಸಂಶೋಧನಾ ವಿದ್ಯಾರ್ಥಿ ಪ್ರಾಣ ಕಳಕೊಂಡಾಗ ದೇಶವೇ ಎದ್ದಿತು. ಆದರೆ ಪಾಯಲ್ ತಡ್ವಿ? 2019ರ ಮೇ 22ರಂದು ಮುಂಬೈಯ ಟೋಪಿವಾಲಾ ವೈದ್ಯಕೀಯ ಕಾಲೇಜಿನ ಹಾಸ್ಟೆಲ್‌ನಲ್ಲಿ ಪ್ರಾಣ ಬಿಟ್ಟ 26ರ ಹರೆಯದ ಈ ವೈದ್ಯೆ ತಡ್ವಿ ಭಿಲ್ ಬುಡಕಟ್ಟಿಗೆ ಸೇರಿದವಳು. ಅಂದರೆ ಪರಿಶಿಷ್ಟ ಪಂಗಡದವಳು, ಜೊತೆಗೆ ಮುಸ್ಲಿಮಳು. ತಾಯಿಯ ಹೆಸರು ಆಬೆದಾ ಸಲೀಮ್. ಜಳಗಾಂವ್‌ನ ಆ ಬಡ ಕುಟುಂಬ ಮಗಳನ್ನು ಹೆರಿಗೆ ತಜ್ಞೆಯನ್ನಾಗಿಸಲು ಹೊರಟಿತ್ತು. ಮೀಸಲಾತಿಯಿಂದ ಬಂದವಳೆಂದು ಹಿರಿಯ ಮೂವರು ವೈದ್ಯೆಯರು ನಿರಂತರ ಹೀಯಾಳಿಸಿದರೆಂಬುದು ಪ್ರಕರಣದ ಆರೋಪ. ಕಿರುಕುಳದ ಬಗ್ಗೆ ಮೇಲಿನವರಿಗೆ ತಿಳಿಸಿದ್ದರೂ ಯಾರೂ ಕಿವಿಗೊಡಲಿಲ್ಲ ಎಂದು ತಾಯಿ ಹೇಳುತ್ತಲೇ ಬಂದಿದ್ದಾರೆ. ನಮ್ಮ ಮಸೀದಿಗಳಲ್ಲಿ, ನಮ್ಮ ಸಂಘಟನೆಗಳ ಸಭೆಗಳಲ್ಲಿ ಆ ಹೆಣ್ಣುಮಗಳಿಗಾಗಿ ಎಷ್ಟು ಮಾತು ಖರ್ಚಾಯಿತು? ಜಾತಿ ತಾರತಮ್ಯ ದಲಿತರ ವಿಷಯ, ನಮಗೇಕೆ ಎಂಬ ಧೋರಣೆ ನಮ್ಮಲ್ಲಿ ಎಷ್ಟು ಆಳವಾಗಿ ಬೇರುಬಿಟ್ಟಿದೆಯೆಂದರೆ, ನಮ್ಮದೇ ಮಗಳು ಅದಕ್ಕೆ ಬಲಿಯಾದಾಗಲೂ ನಾವು ಅವಳನ್ನು ಗುರುತಿಸಲಿಲ್ಲ.

ಗುರುತಿಸಿದವರು ರೋಹಿತ್‌ನ ತಾಯಿ ರಾಧಿಕಾ ವೇಮುಲ. ಅದೇ 2019ರಲ್ಲಿ ರಾಧಿಕಾ ಮತ್ತು ಆಬೆದಾ ಇಬ್ಬರೂ ಜೊತೆಯಾಗಿ ಸುಪ್ರೀಮ್ ಕೋರ್ಟಿನ ಮೆಟ್ಟಿಲು ಹತ್ತಿದರು. ವಿಶ್ವವಿದ್ಯಾಲಯ ಅನುದಾನ ಆಯೋಗ 2012ರಲ್ಲೇ ಸಮತೆಯ ಕುರಿತು ನಿಯಮಾವಳಿ ರೂಪಿಸಿದೆ. ಪ್ರತಿಯೊಂದು ಸಂಸ್ಥೆಯಲ್ಲಿ ಸಮಾನ ಅವಕಾಶ ಘಟಕ ಇರಬೇಕು, ತಾರತಮ್ಯ ವಿರೋಧಿ ಅಧಿಕಾರಿ ಇರಬೇಕು ಎಂದಿದೆ. ಅದು ಕಾಗದದಲ್ಲಷ್ಟೇ ಉಳಿದಿದೆ ಎಂಬುದು ಅವರ ದೂರು. ಆ ಮೊಕದ್ದಮೆಯ ಫಲವಾಗಿಯೇ ಆಯೋಗ 2026ರ ಜನವರಿ 13ರಂದು ಹೊಸ ನಿಯಮಾವಳಿಯನ್ನು ಪ್ರಕಟಿಸಿತು. ಸಮತಾ ಸಮಿತಿ, ದಿನದ 24 ಗಂಟೆಯ ಸಹಾಯವಾಣಿ, ಪಾಲಿಸದ ಸಂಸ್ಥೆಗಳ ಮೇಲೆ ಕ್ರಮ, ಇವೆಲ್ಲ ಅದರಲ್ಲಿದ್ದವು. ಹದಿನೈದು ದಿನ ಕಳೆಯುವಷ್ಟರಲ್ಲಿ ಉತ್ತರ ಭಾರತದಲ್ಲಿ ಮೇಲ್ಜಾತಿ ವಿದ್ಯಾರ್ಥಿಗಳ ಪ್ರತಿಭಟನೆ ಭುಗಿಲೆದ್ದಿತು. ಸುಳ್ಳು ದೂರುಗಳಿಗೆ ದಾರಿಯಾಗುತ್ತದೆ, ಸಮಾಜ ಒಡೆಯುತ್ತದೆ ಎಂದರು. ಜನವರಿ 29ರಂದು ಸುಪ್ರೀಮ್ ಕೋರ್ಟು ಹೊಸ ನಿಯಮಾವಳಿಗೆ ತಡೆ ನೀಡಿ, ಸದ್ಯಕ್ಕೆ 2012ರದ್ದೇ ಮುಂದುವರಿಯಲಿ ಎಂದಿತು.

ಆ ಮಕ್ಕಳ ತಾಯಂದಿರು ಆರು ವರ್ಷ ಕಾದು ಪಡೆದದ್ದು ಹದಿನಾರು ದಿನ ಬಾಳಿತು.

ಸಮಾಜ ಒಡೆಯುತ್ತದೆ ಎಂಬ ವಾದವನ್ನು ಸ್ವಲ್ಪ ಪರಿಶೀಲಿಸೋಣ. ಆಯೋಗವೇ ಸಂಸದೀಯ ಸಮಿತಿಗೆ ಮತ್ತು ನ್ಯಾಯಾಲಯಕ್ಕೆ ನೀಡಿದ ಅಂಕಿಅಂಶದಂತೆ, ಜಾತಿ ತಾರತಮ್ಯದ ದೂರುಗಳು 2019-20ರಲ್ಲಿ 173 ಇದ್ದವು, 2023-24ರಲ್ಲಿ 378 ಆದವು. ನಾಲ್ಕು ಕೋಟಿಗೂ ಮಿಕ್ಕಿದ ವಿದ್ಯಾರ್ಥಿಗಳಿರುವ ದೇಶದಲ್ಲಿ ಇಡೀ ವರ್ಷಕ್ಕೆ 378 ದೂರು! ಇಷ್ಟು ಕಡಿಮೆ ಎಂದರೆ ತಾರತಮ್ಯ ಇಲ್ಲ ಎಂದರ್ಥವೇ? ದೂರು ಕೊಟ್ಟರೆ ಪ್ರಾಯೋಗಿಕ ಪರೀಕ್ಷೆಯ ಅಂಕ ಹೋಗುತ್ತದೆ, ಮಾರ್ಗದರ್ಶಕರ ಸಹಿ ಸಿಗುವುದಿಲ್ಲ ಎಂಬ ಭಯ ಕಾಲೇಜಿನ ಮೆಟ್ಟಿಲು ಹತ್ತಿದ ಎಲ್ಲರಿಗೂ ಗೊತ್ತು. ಸುಳ್ಳು ದೂರಿನ ಭೀತಿಯಿಂದ ಬೀದಿಗಿಳಿದವರು, ನಿಜವಾದ ದೂರುಗಳು ದಾಖಲಾಗದಿರುವ ಬಗ್ಗೆ ಒಂದು ದಿನವೂ ಬೀದಿಗಿಳಿಯಲಿಲ್ಲ. 2007ರಲ್ಲಿ ಪ್ರೊ. ಸುಖದೇವ್ ಥೋರಟ್ ಸಮಿತಿ ದಿಲ್ಲಿಯ ಏಮ್ಸ್‌ನಲ್ಲಿ ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳನ್ನು ಹಾಸ್ಟೆಲ್‌ನಿಂದ ಆಟದ ಮೈದಾನದವರೆಗೆ ಹೇಗೆ ಪ್ರತ್ಯೇಕಿಸಲಾಗುತ್ತದೆಂದು ವಿವರವಾಗಿ ಬರೆದಿತ್ತು. ಅದೇ ಥೋರಟ್ ಅವರನ್ನು ಕರ್ನಾಟಕ ಸರಕಾರ ರಾಜ್ಯ ಶಿಕ್ಷಣ ನೀತಿ ಆಯೋಗದ ಅಧ್ಯಕ್ಷರನ್ನಾಗಿಸಿತು. 2025ರ ಆಗಸ್ಟ್‌ನಲ್ಲಿ ಅವರು ವರದಿಯನ್ನೂ ಒಪ್ಪಿಸಿದರು. ರೋಹಿತ್ ವೇಮುಲನ ಹೆಸರಿನಲ್ಲಿ ಕಾನೂನು ತರುವುದಾಗಿ ಅದೇ ವರ್ಷ ಸಿದ್ದರಾಮಯ್ಯನವರು ಭರವಸೆ ನೀಡಿದರು. ಈ ಭರವಸೆಗಳ ಲೆಕ್ಕ ಕೇಳುವ ಹಕ್ಕು ಆ ಸರಕಾರಕ್ಕೆ ಮತ ನೀಡಿದ ನಮಗೆ ಇತರರಿಗಿಂತ ಹೆಚ್ಚಾಗಿಯೇ ಇದೆ.

ಅಂದಹಾಗೆ, 2026ರ ನಿಯಮಾವಳಿಯೂ ದೋಷರಹಿತವಾಗಿರಲಿಲ್ಲ. ಧರ್ಮದ ಆಧಾರದ ತಾರತಮ್ಯವನ್ನು ಅದು ವ್ಯಾಖ್ಯೆಯಲ್ಲಿ ಹೆಸರಿಸಿತು. ಆದರೆ ಸಮತಾ ಸಮಿತಿಯಲ್ಲಿ ಯಾರಿರಬೇಕು ಎಂದು ಹೇಳುವಾಗ ಹಿಂದುಳಿದ ವರ್ಗ, ಪರಿಶಿಷ್ಟ ಜಾತಿ, ಪಂಗಡ, ವಿಕಲಚೇತನರು ಮತ್ತು ಮಹಿಳೆಯರನ್ನು ಪಟ್ಟಿ ಮಾಡಿ ನಿಲ್ಲಿಸಿತು. ಗಾಯವನ್ನು ಒಪ್ಪಿಕೊಂಡು ಗಾಯಾಳುವಿಗೆ ಕುರ್ಚಿ ಕೊಡದಿರುವ ಈ ಬಗೆಯನ್ನು ಮುಸ್ಲಿಮ್ ಸಂಸದರು ಪ್ರಶ್ನಿಸಬೇಕಿತ್ತು.

ಏಕೆಂದರೆ ಗಾಯ ಕಾಲ್ಪನಿಕವಲ್ಲ. 2022ರ ಫೆಬ್ರವರಿ 5ರ ಸರಕಾರಿ ಆದೇಶದಿಂದ ಪದವಿಪೂರ್ವ ಕಾಲೇಜುಗಳಲ್ಲಿ ತೀವ್ರಗೊಂಡ ಹಿಜಾಬ್ ವಿವಾದ ಮೇ ತಿಂಗಳ ಹೊತ್ತಿಗೆ ಮಂಗಳೂರಿನ ವಿಶ್ವವಿದ್ಯಾನಿಲಯ ಕಾಲೇಜನ್ನೂ ತಲುಪಿತು. ನಿಯಮಕ್ಕೆ ಒಪ್ಪದ ವಿದ್ಯಾರ್ಥಿನಿಯರಿಗೆ ಬೇರೆ ಕಾಲೇಜು ಸೇರಲು ನೆರವಾಗುವ ಮಾತು ಅಲ್ಲಿ ಕೇಳಿಬಂತು. ಒಳಗೊಳ್ಳುವಿಕೆಯ ಬಗ್ಗೆ ಉಪನ್ಯಾಸ ಏರ್ಪಡಿಸುವ ವಿಶ್ವವಿದ್ಯಾನಿಲಯವೊಂದಕ್ಕೆ ತನ್ನ ವಿದ್ಯಾರ್ಥಿನಿಯನ್ನು ಹೊರಗೆ ಕಳುಹಿಸುವುದೂ ಒಂದು ಪರಿಹಾರವಾಗಿ ಕಂಡಿತು! ಹೈಕೋರ್ಟು ಮಾರ್ಚ್ 15ರಂದು ಸರಕಾರದ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಮ್ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ಅವರಲ್ಲಿ ನ್ಯಾಯಮೂರ್ತಿ ಸುಧಾಂಶು ಧುಲಿಯಾ ಅವರು ತನ್ನ ಮನಸ್ಸಿನಲ್ಲಿ ಎಲ್ಲಕ್ಕಿಂತ ಮುಂದಿದ್ದುದು ಹೆಣ್ಣುಮಕ್ಕಳ ಶಿಕ್ಷಣ ಎಂದರು. ಕಾನೂನಿನ ಚರ್ಚೆ ಒತ್ತಟ್ಟಿಗಿರಲಿ. ಆ ವರ್ಷದ ಅಂತಿಮ ಪರೀಕ್ಷೆ ಮಾತ್ರ ಯಾರಿಗಾಗಿಯೂ ಕಾಯಲಿಲ್ಲ.

ಇದನ್ನು 2025ರ ಏಪ್ರಿಲ್‌ನೊಂದಿಗೆ ಹೋಲಿಸಿ. ಸಿಇಟಿ ಪರೀಕ್ಷೆಯ ವೇಳೆ ಶಿವಮೊಗ್ಗ ಮತ್ತು ಬೀದರ್‌ನಲ್ಲಿ ವಿದ್ಯಾರ್ಥಿಗಳ ಜನಿವಾರ ತೆಗೆಸಿದ, ತೆಗೆಯಲೊಪ್ಪದವನನ್ನು ಪರೀಕ್ಷೆಯಿಂದ ಹೊರಗಿಟ್ಟ ಘಟನೆಗಳು ನಡೆದವು. ಅದು ಖಂಡಿತಕ್ಕೂ ಅನ್ಯಾಯ. ಆ ಹುಡುಗರ ಅವಮಾನ ನಿಜವಾದ ಅವಮಾನ. ಸರಕಾರ ದಿನಗಳೊಳಗೆ ಸಿಬ್ಬಂದಿಯನ್ನು ಅಮಾನತುಗೊಳಿಸಿತು, ಸಚಿವರು ಮನೆಗೆ ಹೋದರು, ಪರ್ಯಾಯ ದಾರಿ ತೆರೆಯಲಾಯಿತು. ಹಾಗೆಯೇ ಆಗಬೇಕು. ಅಂದು ಯಾರೂ ನ್ಯಾಯಾಲಯದ ಅಂತಿಮ ತೀರ್ಪಿನ ತನಕ ಕಾಯಿರಿ ಎನ್ನಲಿಲ್ಲ, ಜನಿವಾರ ಧಾರ್ಮಿಕವಾಗಿ ಅನಿವಾರ್ಯವೇ ಎಂದು ಗ್ರಂಥ ತಿರುವಲಿಲ್ಲ. ಸಮತೆಯನ್ನು ಕಾರ್ಯರೂಪಕ್ಕೆ ತರಲು ಈ ವ್ಯವಸ್ಥೆಗೆ ಬರುತ್ತದೆ, ಮನಸ್ಸಿದ್ದರೆ ವೇಗವಾಗಿಯೂ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ. 2022ರ ನವೆಂಬರ್‌ನಲ್ಲಿ ಮಣಿಪಾಲದ ತರಗತಿಯೊಂದರಲ್ಲಿ ಅಧ್ಯಾಪಕರು ಮುಸ್ಲಿಮ್ ವಿದ್ಯಾರ್ಥಿಯನ್ನು ಭಯೋತ್ಪಾದಕನ ಹೆಸರು ಹಿಡಿದು ಕರೆದಾಗಲೂ ಸಂಸ್ಥೆ ಅವರನ್ನು ತರಗತಿಗಳಿಂದ ದೂರವಿರಿಸಿ ತನಿಖೆಗೆ ಆದೇಶಿಸಿತು. ಆದರೆ ಅದಕ್ಕೆ ಕಾರಣ ಒಂದು ಮೊಬೈಲ್‌ನಲ್ಲಿ ಸೆರೆಯಾದ ದೃಶ್ಯ. ದೃಶ್ಯ ಸೆರೆಯಾಗದ ತರಗತಿಗಳ ಗತಿಯೇನು?

ಈಗ ಮತ್ತೆ ರಾಮನಗರಕ್ಕೆ ಬರೋಣ. ಇಲ್ಲಿನ ಗೂಡು ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೇಳಿಕೊಳ್ಳುತ್ತೇವೆ. ಇಲ್ಲಿ ನೂಲು ಬಿಚ್ಚುವ ಉದ್ಯಮದಲ್ಲಿ ತಲೆಮಾರುಗಳಿಂದ ಇರುವವರಲ್ಲಿ ಹೆಚ್ಚಿನವರು ಮುಸ್ಲಿಮರು, ಮಾಲಕರಾಗಿಯೂ ಕಾರ್ಮಿಕರಾಗಿಯೂ. ಕರ್ನಾಟಕದ ರೇಷ್ಮೆ ಉದ್ಯಮದಲ್ಲಿ ಸಾಲಕ್ಕೆ ಜೀತವಿದ್ದ ಮಕ್ಕಳ ಬಗ್ಗೆ ಅಂತಾರಾಷ್ಟ್ರೀಯ ಮಾನವ ಹಕ್ಕು ಸಂಘಟನೆ ಹ್ಯೂಮನ್ ರೈಟ್ಸ್ ವಾಚ್ 2003ರಲ್ಲಿ ವರದಿ ಬರೆಯಿತು. ಆ ಕಾಲದ ಮಕ್ಕಳು ಇಂದು ತಂದೆ-ತಾಯಿಯರು. ಅವರ ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ, ಅದು ದೊಡ್ಡ ಬದಲಾವಣೆ. ಆದರೆ ಆ ಮಗುವಿನ ದಾರಿಯನ್ನು ಗಮನಿಸಿ. ಮನೆಯಲ್ಲಿ ದಖನಿ ಉರ್ದು. ಏಳನೇ ತರಗತಿಯ ತನಕ ಉರ್ದು ಮಾಧ್ಯಮ. ಪ್ರೌಢಶಾಲೆಯಲ್ಲಿ ಹಲವೆಡೆ ಕನ್ನಡ ಮಾಧ್ಯಮವಲ್ಲದೆ ಬೇರೆ ಆಯ್ಕೆಯಿಲ್ಲ. ಪಿಯುಸಿ ವಿಜ್ಞಾನಕ್ಕೆ ಬಂದರೆ ಎಲ್ಲವೂ ಇಂಗ್ಲಿಷ್. ಹತ್ತು-ಹನ್ನೆರಡು ವರ್ಷಗಳಲ್ಲಿ ಮೂರು ಭಾಷೆಗಳ ಗೋಡೆ ಹಾರಬೇಕು, ಪ್ರತಿ ಗೋಡೆಯ ಬುಡದಲ್ಲೂ ಒಂದಷ್ಟು ಮಕ್ಕಳು ಉಳಿದುಬಿಡುತ್ತಾರೆ. ಮದ್ರಸದಿಂದ ಬಂದವರ ಪಾಡು ಇನ್ನೂ ಬೇರೆ. ಅರಬಿ ವ್ಯಾಕರಣದಲ್ಲಿ ಎಂಟು ವರ್ಷ ಪಳಗಿದವನ ಕೈಯ ಸನದನ್ನು ಅಲೀಗಢ, ಜಾಮಿಯಾಗಳಂತಹ ಕೆಲವು ಕಡೆ ಬಿಟ್ಟರೆ ಯಾವ ವಿಶ್ವವಿದ್ಯಾಲಯದ ಗುಮಾಸ್ತರೂ ತಿರುಗಿಸಿ ನೋಡುವುದಿಲ್ಲ. ಮದ್ರಸದ ಬಳಿಕ ಕಲಾ ಪದವಿಗೆ ಬಂದ ಈ ಲೇಖಕನಿಗೆ ಆ ಕಿಟಕಿಯ ಎದುರಿನ ಸಾಲು ಚೆನ್ನಾಗಿ ಗೊತ್ತು.

ಇಂತಹ ಮಗುವಿಗೆ ಕಾಲೇಜಿನ ಮೊದಲ ವರ್ಷದಲ್ಲಿ ಆರು ತಿಂಗಳ ಭಾಷಾ ಸೇತು ತರಗತಿ ಬೇಕು. ಅದನ್ನು ಸಂಜೆ ಐದಕ್ಕೆ ಇಟ್ಟರೆ ಪ್ರಯೋಜನವಿಲ್ಲ, ಏಕೆಂದರೆ ಚನ್ನಪಟ್ಟಣದ ಹುಡುಗಿಗೆ ಕತ್ತಲಾಗುವ ಮುನ್ನ ಮನೆ ಸೇರಬೇಕು. ವೇಳಾಪಟ್ಟಿಯ ಇಂತಹ ಸಣ್ಣ ಸಂಗತಿಯೇ ಒಳಗೊಳ್ಳುವಿಕೆ. ರಮಝಾನ್‌ನಲ್ಲಿ ಆವರಣದೊಳಗೆ ಇಫ್ತಾರ್ ಕೂಟ ಏರ್ಪಡಿಸಿ ಛಾಯಾಚಿತ್ರ ತೆಗೆಸಿಕೊಳ್ಳುವುದಲ್ಲ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯನ್ನು ಗೇಲಿ ಮಾಡಿದವರು ಬೆಳಗ್ಗಿನ ಬೆಂಗಳೂರು ಬಸ್ಸುಗಳಲ್ಲಿ ಪುಸ್ತಕ ಹಿಡಿದು ನಿಂತಿರುವ ಹೆಣ್ಣುಮಕ್ಕಳನ್ನು ಒಮ್ಮೆ ನೋಡಬೇಕು. ಎಷ್ಟೋ ಸಮಿತಿಗಳು ವರ್ಷಗಟ್ಟಲೆ ಚರ್ಚಿಸಿ ಮಾಡಲಾಗದ್ದನ್ನು ಒಂದು ಉಚಿತ ಟಿಕೆಟ್ ಮಾಡಿತು. ವಿಶ್ವವಿದ್ಯಾಲಯಗಳು ಅದಕ್ಕೆ ಪ್ರತಿಯಾಗಿ ಒಂದು ಹಾಸ್ಟೆಲ್ ಕೋಣೆಯನ್ನಾದರೂ ಸೇರಿಸಿದವೇ?

ಸಾಚಾರ್ ಸಮಿತಿ ಒಂದು ಸರಳ ಸೂತ್ರ ಕೊಟ್ಟಿತ್ತು. ವಿಶ್ವವಿದ್ಯಾಲಯಗಳಿಗೆ ಆಯೋಗ ನೀಡುವ ಅನುದಾನದ ಒಂದು ಪಾಲನ್ನು ಅಲ್ಲಿನ ವಿದ್ಯಾರ್ಥಿಗಳ ವೈವಿಧ್ಯಕ್ಕೆ ಜೋಡಿಸಿ ಎಂದಿತು. ಪ್ರವೇಶದಲ್ಲಿ ಅಂಕದ ಜೊತೆಗೆ ಕುಟುಂಬದ ಆದಾ­ಯ, ಜಿಲ್ಲೆಯ ಹಿಂದುಳಿದಿರುವಿಕೆ, ವರ್ಗದ ಹಿಂದುಳಿದಿರುವಿಕೆಗಳಿಗೂ ತೂಕ ಕೊಡಿ ಎಂದಿತು. ಇದರಲ್ಲಿ ಮುಸ್ಲಿಮರಿಗೆಂದೇ ಪ್ರತ್ಯೇಕ ಉಡುಗೊರೆ ಏನೂ ಇಲ್ಲ. ಕನಕಪುರದ ಇರುಳಿಗ ಮಗುವಿಗೂ ಮಾಗಡಿಯ ಬಡ ಒಕ್ಕಲಿಗರ ಮಗುವಿಗೂ ಇದೇ ಸೂತ್ರ ಅನ್ವಯಿಸುತ್ತದೆ. ವೈವಿಧ್ಯ ಸೂಚ್ಯಂಕ ರೂಪಿಸಲು 2008ರಲ್ಲಿ ಪ್ರೊ. ಅಮಿತಾಭ್ ಕುಂಡು ನೇತೃತ್ವದ ತಜ್ಞರ ತಂಡ ವರದಿಯನ್ನೂ ಕೊಟ್ಟಿತು. ಸಮಾನ ಅವಕಾಶ ಆಯೋಗದ ಕರಡನ್ನು ಪ್ರೊ. ಮಾಧವ ಮೆನನ್ ಸಮಿತಿ ಸಿದ್ಧಪಡಿಸಿತು. ಎರಡನ್ನೂ ಜಾರಿಗೊಳಿಸದೇ ಕಪಾಟಿಗೆ ಸೇರಿಸಿದ್ದು ಮುಸ್ಲಿಮರ ಮತ ಪಡೆದು ಅಧಿಕಾರದಲ್ಲಿದ್ದ ಸರಕಾರವೇ. ಇದನ್ನು ಹೇಳದೇ ಬರೀ ಈಗಿನ ಕೇಂದ್ರ ಸರಕಾರವನ್ನು ದೂರುವುದು ಪ್ರಾಮಾಣಿಕತೆಯಲ್ಲ.

ಪ್ರಾಮಾಣಿಕತೆಯ ಮಾತು ಬಂದ ಮೇಲೆ ನಮ್ಮ ಅಂಗಳವನ್ನೂ ನೋಡಬೇಕು. ಸಂವಿಧಾನದ 15(5)ನೇ ವಿಧಿ ಖಾಸಗಿ ಶಿಕ್ಷಣ ಸಂಸ್ಥೆಗಳಲ್ಲಿ ಮೀಸಲಾತಿಗೆ ಅವಕಾಶ ನೀಡುತ್ತದೆ, ಅಲ್ಪಸಂಖ್ಯಾತ ಸಂಸ್ಥೆಗಳನ್ನು ಅದರಿಂದ ಹೊರಗಿಡುತ್ತದೆ. 30ನೇ ವಿಧಿಯ ಈ ರಕ್ಷಣೆಯನ್ನು ಸಂವಿಧಾನ ಕೊಟ್ಟದ್ದು ದುರ್ಬಲ ಸಮುದಾಯವೊಂದು ತನ್ನ ಮಕ್ಕಳನ್ನು ಮೇಲೆತ್ತಲಿ ಎಂದು. 1966ರಲ್ಲಿ ಡಾ. ಮುಮ್ತಾಝ್ ಅಹ್ಮದ್ ಖಾನ್ ಬೆಂಗಳೂರಿನಲ್ಲಿ ಅಲ್ ಅಮೀನ್ ಆರಂಭಿಸಿದಾಗ ಇದ್ದ ಕನಸು ಅದುವೇ. ಇಂದು ಸಮುದಾಯದ ಹೆಸರಿನಲ್ಲಿ ನಡೆಯುವ ಕೆಲವು ವೃತ್ತಿಶಿಕ್ಷಣ ಕಾಲೇಜುಗಳಲ್ಲಿ ಆಡಳಿತ ಮಂಡಳಿಯ ಸೀಟಿನ ದರ ಕೇಳಿದರೆ ರೇಷ್ಮೆ ಕಾರ್ಮಿಕ ಬಿಡಿ, ಹತ್ತು ಬೇಸಿನ್‌ಗಳ ಮಾಲಕನೂ ಬೆವರುತ್ತಾನೆ. ಆ ಕಾಲೇಜುಗಳಲ್ಲಿ ದಲಿತ ಅಧ್ಯಾಪಕರು ಎಷ್ಟು ಮಂದಿ? ಕಸ ಗುಡಿಸುವಾಕೆಯ ಮಗಳಿಗೆ ಅಲ್ಲಿ ಒಂದು ಉಚಿತ ಸೀಟು ಇದೆಯೇ? ಕಾನೂನು ಒತ್ತಾಯಿಸದ ಕಡೆಯೇ ಅಲ್ಲವೇ ನಮ್ಮ ಸಮತೆಯ ಮಾತು ಪರೀಕ್ಷೆಗೊಳಗಾಗುವುದು?

ಹಾಗೆಯೇ ಪ್ರವರ್ಗ 1ರಲ್ಲಿರುವ ಪಿಂಜಾರ, ನದಾಫ್ ಬಂಧುಗಳ ಬಗ್ಗೆ ಪೇಟೆಯ ಮುಸ್ಲಿಮ್ ಮನೆಗಳಲ್ಲಿ ಮದುವೆ ಮಾತುಕತೆಯ ವೇಳೆ ಕೇಳಿಬರುವ ಪದಗಳನ್ನು ಇಲ್ಲಿ ಬರೆಯಲಾಗದು. ಅಂತಿಮ ಹಜ್ಜ್‌ನ ಭಾಷಣದ ಮೇಲೆ ಪ್ರವಚನ ಕೇಳಿ ತಲೆದೂಗಿದವರೇ ಹೊರಗೆ ಬಂದು ಬಿರಾದರಿ ವಿಚಾರಿಸುತ್ತಾರೆ. ಇನ್ನು ಗಂಡುಮಕ್ಕಳು. ನಮ್ಮ ಊರುಗಳ ಫಲಿತಾಂಶದ ಪಟ್ಟಿಯಲ್ಲಿ ಹೆಣ್ಣುಮಕ್ಕಳ ಹೆಸರು ತುಂಬಿರುತ್ತದೆ, ಹುಡುಗರು ಹತ್ತನೇ ತರಗತಿ ಮುಗಿಸಿ ಗ್ಯಾರೇಜಿಗೋ ಹಣ್ಣಿನ ಗಾಡಿಗೋ ಹೋಗಿರುತ್ತಾರೆ. ಬಡತನ ಒಂದು ಕಾರಣ, ನಿಜ. ಓದಿ ಏನಾಗಬೇಕು, ನಮಗೆ ಕೆಲಸ ಕೊಡುವವರು ಯಾರು ಎಂಬ ಹತಾಶೆಯನ್ನು ಮನೆಯಲ್ಲೇ ಬಿತ್ತುವುದು ಇನ್ನೊಂದು ಕಾರಣ. ಆಮೇಲೆ ಪದವೀಧರೆಗೆ ವರ ಸಿಗುತ್ತಿಲ್ಲ ಎಂದು ಅವಳ ಓದನ್ನೇ ಮೊಟಕುಗೊಳಿಸುತ್ತೇವೆ. ಒಬ್ಬನ ಸೋಮಾರಿತನಕ್ಕೆ ಇನ್ನೊಬ್ಬಳು ದಂಡ ತೆರಬೇಕು!

ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಸುಪ್ರೀಮ್ ಕೋರ್ಟಿನ ತಡೆ ಇರುವುದು 2026ರ ನಿಯಮಾವಳಿಗೆ, 2012ರದ್ದು ಚಾಲ್ತಿಯಲ್ಲಿದೆ. ಜಾತಿ, ಧರ್ಮ, ಭಾಷೆ, ಲಿಂಗ, ಅಂಗವೈಕಲ್ಯ ಎಲ್ಲವೂ ಅದರ ವ್ಯಾಪ್ತಿಯಲ್ಲಿವೆ. ಹಾಗಾದರೆ ಬೆಂಗಳೂರು ವಿಶ್ವವಿದ್ಯಾಲಯದ ರಾಮನಗರ ಸ್ನಾತಕೋತ್ತರ ಕೇಂದ್ರದಲ್ಲಿ, ಎಲ್ಲ ತಾಲೂಕುಗಳ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಸಮಾನ ಅವಕಾಶ ಘಟಕ ಇದೆಯೇ? ತಾರತಮ್ಯ ವಿರೋಧಿ ಅಧಿಕಾರಿ ಯಾರು? ಕಳೆದ ಐದು ವರ್ಷಗಳಲ್ಲಿ ಎಷ್ಟು ದೂರುಗಳು ಬಂದವು, ಏನು ಕ್ರಮವಾಯಿತು? 2ಬಿ ಮತ್ತು ಪ್ರವರ್ಗ 1ರ ಸೀಟುಗಳಲ್ಲಿ ಎಷ್ಟು ಭರ್ತಿಯಾದವು, ಎಷ್ಟು ಮಂದಿ ಮಧ್ಯದಲ್ಲೇ ಬಿಟ್ಟರು? ಮಾಹಿತಿ ಹಕ್ಕಿನಡಿ ಒಂದು ಅರ್ಜಿಗೆ 10 ರೂಪಾಯಿ ಶುಲ್ಕ, ಉತ್ತರಿಸಲು 30 ದಿನಗಳ ಗಡುವು. ಪ್ರತಿಯೊಂದು ಜಮಾಅತ್‌ನಲ್ಲೂ ಇಷ್ಟು ಬರೆಯಬಲ್ಲ ಪದವೀಧರೆಯೊಬ್ಬಳು ಇದ್ದೇ ಇದ್ದಾಳೆ. ಅರ್ಜಿಯ ಪ್ರತಿಯನ್ನು ಇರುಳಿಗರ ಹಾಡಿಗೂ ದಲಿತ ಕೇರಿಗೂ ಕೊಂಡೊಯ್ದು ಅವರ ಸಹಿಯನ್ನೂ ಸೇರಿಸಿಕೊಂಡರೆ, ವೈದ್ಯಕೀಯ ಕಾಲೇಜಿನ ಮೊದಲ ಪ್ರವೇಶ ಪಟ್ಟಿ ಹೊರಬೀಳುವ ಹೊತ್ತಿಗೆ ಅದನ್ನು ಓದಲು ಕಾಯುತ್ತಿರುವವರು ಯಾರೆಂಬುದು ಆಡಳಿತಕ್ಕೆ ಗೊತ್ತಿರುತ್ತದೆ.